ರೆಜ್ಜೋಗೆ ಹೊರಟ ಟೀಚರ್‌ಗೆ: ಏನು ನೋಡಬೇಕು, ಏನು ತರಬೇಕು?

ಪ್ರಶ್ನೆ: ನಾನು ದಾವಣಗೆರೆಯ ಒಂದು ಖಾಸಗಿ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಎಲ್‌ಕೆಜಿ ಟೀಚರ್. ತರಗತಿಯಲ್ಲಿ 32 ಮಕ್ಕಳಿದ್ದಾರೆ. ಸಹಾಯಕ್ಕೆ ಒಬ್ಬರು ಆಯಾ ಇದ್ದಾರೆ. ಮಗುವೇ ಮುಂದೆ ನಡೆಯುವ ಕಲಿಕೆಯನ್ನು ನೋಡಿ ಬರಲು ನಮ್ಮ ಆಡಳಿತ ಮಂಡಳಿ ನನ್ನನ್ನು ಒಂದು ವಾರ ಇಟಲಿಯ ರೆಜ್ಜೋ ಎಮಿಲಿಯಾಕ್ಕೆ ಕಳಿಸುತ್ತಿದೆ. ಬಂದ ಮೇಲೆ ಇಲ್ಲೂ ಅದನ್ನು ಶುರು ಮಾಡಬೇಕಂತೆ. ಅಲ್ಲಿ ನಾನು ಏನನ್ನು ನೋಡಬೇಕು? ಮಕ್ಕಳೇ ಎಲ್ಲ ತೀರ್ಮಾನ ಮಾಡಿದರೆ ಟೀಚರ್‌ಗೆ ಏನು ಕೆಲಸ? "ಇನ್ನೂ ಅಆಇಈ ಬರೆಸಿಲ್ವಾ" ಅಂತ ಕೇಳುವ ಪೋಷಕರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಸಾಮಾನ್ಯವಾಗಿ ಇಂಥ ಪ್ರವಾಸಕ್ಕೆ ಶಾಲೆಯ ಮಾಲೀಕರು ಹೋಗುತ್ತಾರೆ, ಪ್ರಿನ್ಸಿಪಾಲರು ಹೋಗುತ್ತಾರೆ. ದಿನವಿಡೀ ಮಕ್ಕಳ ಜೊತೆ ನೆಲದ ಮೇಲೆ ಕೂರುವ ಟೀಚರ್ ಹೋಗುವುದು ಅಪರೂಪ. ನಿಮ್ಮ ಆಡಳಿತ ಮಂಡಳಿ ಸರಿಯಾದವರನ್ನೇ ಆರಿಸಿದೆ.

ಮೊದಲು ಆ ಊರಿನ ಬಗ್ಗೆ ಹೇಳುತ್ತೇನೆ. ಅಲ್ಲಿನ ಶಾಲೆ ಯಾಕೆ ಹಾಗಿದೆ ಅನ್ನುವುದಕ್ಕೆ ಉತ್ತರ ಆ ಊರಿನ ಕಥೆಯಲ್ಲೇ ಇದೆ. ರೆಜ್ಜೋ ಎಮಿಲಿಯಾ ಇಟಲಿಯ ಉತ್ತರದಲ್ಲಿ ಪಾರ್ಮಾ ಮತ್ತು ಮೊದೆನಾ ಊರುಗಳ ನಡುವೆ ಇದೆ. ಜನ ಸುಮಾರು 1.7 ಲಕ್ಷ. ಅಂದರೆ ನಿಮ್ಮ ದಾವಣಗೆರೆಗಿಂತ ಚಿಕ್ಕ ಊರು. 1945ರ ಏಪ್ರಿಲ್‌ನಲ್ಲಿ ಅಲ್ಲಿ ಎರಡನೇ ಮಹಾಯುದ್ಧ ಮುಗಿಯಿತು. ಊರಿನ ಪಕ್ಕದ ವಿಲ್ಲಾ ಚೆಲ್ಲಾ ಎಂಬ ಹಳ್ಳಿಯಲ್ಲಿ ಜರ್ಮನ್ ಸೈನಿಕರು ಒಂದು ಟ್ಯಾಂಕ್, ಕೆಲವು ಟ್ರಕ್, ಕೆಲವು ಕುದುರೆ ಬಿಟ್ಟು ಓಡಿದ್ದರು. ಅವನ್ನು ಮಾರಿದರೆ ಬರುವ ದುಡ್ಡಿನಲ್ಲಿ ಏನು ಮಾಡೋಣ ಅಂತ ಊರವರು ಕೂತು ಮಾತಾಡಿದರು. ಚಿಕ್ಕ ಮಕ್ಕಳಿಗೆ ಶಾಲೆ ಕಟ್ಟೋಣ ಅಂತ ತೀರ್ಮಾನವಾಯಿತು. ಬಾಂಬು ಬಿದ್ದು ಮುರಿದ ಮನೆಗಳ ಇಟ್ಟಿಗೆ ಆರಿಸಿ ತಂದರು. ಮರಳು ನದಿಯಿಂದ ಬಂತು. ಹೆಂಗಸರು, ಗಂಡಸರು ಕೂಲಿ ಇಲ್ಲದೆ ದುಡಿದರು. ಈ ಸುದ್ದಿ ಕೇಳಿ ಒಬ್ಬ ಯುವ ಶಿಕ್ಷಕ ಸೈಕಲ್ ಹತ್ತಿ ಅಲ್ಲಿಗೆ ಹೋದ. ಆತನೇ ಲೋರಿಸ್ ಮಲಗುತ್ಸಿ, ಆಗ ಇಪ್ಪತ್ತೈದು ವರ್ಷ. ಹೋದವರು ಆ ಊರವರ ಜೊತೆಗೇ ನಿಂತುಬಿಟ್ಟರು. 1994ರಲ್ಲಿ ತೀರಿಕೊಳ್ಳುವವರೆಗೂ ಇದೇ ಅವರ ಕೆಲಸವಾಯಿತು.

ಈ ಕಥೆಯನ್ನು ಇಷ್ಟು ಹೇಳಲು ಕಾರಣವಿದೆ. ಅಲ್ಲಿ ಮೊದಲು ಬಂದದ್ದು ಸಿದ್ಧಾಂತವಲ್ಲ. ನಮ್ಮ ಮಕ್ಕಳು ಬೇರೆ ಥರ ಬೆಳೆಯಲಿ, ಯಾರೋ ಹೇಳಿದ್ದಕ್ಕೆಲ್ಲ ತಲೆ ಬಾಗಿಸುವವರಾಗದಿರಲಿ ಅನ್ನುವ ಆಸೆ ಮೊದಲು ಬಂತು. ಇಪ್ಪತ್ತು ವರ್ಷ ಮುಸೊಲಿನಿಯ ಫ್ಯಾಸಿಸ್ಟ್ ಸರ್ವಾಧಿಕಾರ ಅನುಭವಿಸಿದ ಜನ ಅವರು. 1963ರಲ್ಲಿ ನಗರಸಭೆ ತನ್ನದೇ ಮೊದಲ ಶಿಶುಶಾಲೆ ತೆರೆಯಿತು. ಅಂದರೆ ನೀವು ನೋಡಲು ಹೋಗುತ್ತಿರುವುದು ಶ್ರೀಮಂತರ ಇಂಟರ್‌ನ್ಯಾಷನಲ್ ಶಾಲೆಗಳನ್ನಲ್ಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಅವು ಮಹಾನಗರ ಪಾಲಿಕೆ ನಡೆಸುವ ಶಾಲೆಗಳು. ನಮ್ಮಲ್ಲಿ ರೆಜ್ಜೋ ಹೆಸರು ಹಾಕಿಕೊಂಡ ಶಾಲೆಗಳ ಫೀಸು ನೋಡಿದವರಿಗೆ ಇದನ್ನು ನಂಬುವುದು ಕಷ್ಟ. ಇನ್ನೊಂದು ಮಾತು. ರೆಜ್ಜೋ ಒಂದು ಮೆಥಡ್ ಅಲ್ಲ ಅಂತ ಅವರೇ ಮತ್ತೆ ಮತ್ತೆ ಹೇಳುತ್ತಾರೆ. ಮಾಂಟೆಸ್ಸರಿಯಲ್ಲಿ ಇಂಥ ಸಲಕರಣೆ, ಅದನ್ನು ಇಂಥ ಕ್ರಮದಲ್ಲಿ ಕೊಡಬೇಕು ಅಂತ ಇದೆಯಲ್ಲ, ಇಲ್ಲಿ ಹಾಗೆ ಕೊಂಡು ತರುವಂಥದ್ದು ಏನೂ ಇಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮಗು ಮುಂದೆ ನಡೆದರೆ ಟೀಚರ್‌ಗೆ ಏನು ಕೆಲಸ?

ಊರ ನಡುವಿನ ಪಾರ್ಕಿನಲ್ಲಿ ದಿಯಾನಾ ಅಂತ ಒಂದು ಶಾಲೆ ಇದೆ. 1991ರಲ್ಲಿ ಅಮೆರಿಕದ ಒಂದು ವಾರಪತ್ರಿಕೆ ಅದನ್ನು ಲೋಕದ ಅತ್ಯುತ್ತಮ ಶಿಶುಶಾಲೆ ಅಂತ ಬರೆದ ಮೇಲೆ ಜಗತ್ತೆಲ್ಲ ಅಲ್ಲಿಗೆ ಬರತೊಡಗಿತು. ಅಲ್ಲಿ ಒಮ್ಮೆ ದೊಡ್ಡ ಮಕ್ಕಳ ಗುಂಪಿಗೆ ಇನ್ನೊಂದು ಮೇಜು ಬೇಕಾಯಿತು. ಇರುವ ಮೇಜಿನಂಥದ್ದೇ ಬೇಕು. ಬಡಗಿಯನ್ನು ಕರೆಸಿದರು. ಅಳತೆ ಕೊಟ್ಟರೆ ಮಾಡಿಕೊಡುತ್ತೇನೆ ಅಂದರು ಅವರು. ನಾವೇ ಅಳೀತೀವಿ ಅಂತ ಮಕ್ಕಳು ಮುಂದೆ ಬಂದರು. ನಾನಾಗಿದ್ದರೆ ಅಲ್ಲೇ ಒಂದು ಟೇಪು ತಂದು ಕೊಟ್ಟು, ಇದು ಸೊನ್ನೆ, ಇಲ್ಲಿಂದ ಹಿಡಿಯಿರಿ ಅನ್ನುತ್ತಿದ್ದೆ. ಹತ್ತು ನಿಮಿಷದ ಕೆಲಸ. ಅಲ್ಲಿನ ಟೀಚರ್‌ಗಳು ಟೇಪು ಕೊಡಲಿಲ್ಲ. ಮಕ್ಕಳು ಬೆರಳಿನಿಂದ ಅಳೆದರು, ಕೈಯಿಂದ ಅಳೆದರು, ತಲೆಯಿಂದಲೂ ಅಳೆದರು. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬಂತು. ಕೆಲವರು ಕಾಗದದ ಪಟ್ಟಿಯಲ್ಲಿ ತಮಗೆ ತೋಚಿದಷ್ಟು ದೂರಕ್ಕೆ ಅಂಕಿ ಬರೆದು ತಾವೇ ಸ್ಕೇಲ್ ಮಾಡಿಕೊಂಡರು. ಆ ಸ್ಕೇಲ್‌ಗಳೂ ಒಂದಕ್ಕೊಂದು ಹೊಂದಲಿಲ್ಲ. ಕೊನೆಗೆ ಒಬ್ಬ ಹುಡುಗನ ಶೂ ಎಲ್ಲರಿಗೂ ಒಪ್ಪಿಗೆಯಾಯಿತು. ಮೇಜಿನ ಉದ್ದ ಇಷ್ಟು ಶೂ ಅಂತಾಯಿತು. ಅದಾದ ಮೇಲೆ ಮೀಟರ್ ಕೋಲು ಬಂತು. ಅಷ್ಟು ಹೊತ್ತಿಗೆ, ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕು ಅಂತ ಆ ಮಕ್ಕಳಿಗೆ ತಮ್ಮದೇ ಅನುಭವದಿಂದ ಗೊತ್ತಾಗಿತ್ತು.

ನಮಗೆ ಈ ಕಥೆ ಅರ್ಥವಾಗಲು ಇಟಲಿಗೇ ಹೋಗಬೇಕಿಲ್ಲ. ನಮ್ಮ ಅಜ್ಜಿಯರು ಗೇಣು, ಮೊಳ, ಮಾರು ಅಂತಲೇ ಅಳೆದವರು. ಇವತ್ತಿಗೂ ಹೂವಿನವರ ಹತ್ತಿರ ಹೋದರೆ "ನಿಮ್ಮ ಮೊಳ ಚಿಕ್ಕದಾಯ್ತು" ಅನ್ನುವ ಮಾತು ಕೇಳುತ್ತೇವೆ ಅಲ್ವಾ? ಅದೇ ಜಗಳ ಆ ಮೇಜಿನ ಸುತ್ತಲೂ ನಡೆಯಿತು.

ಈ ಕಥೆಯಲ್ಲಿ ಟೀಚರ್ ಸುಮ್ನೆ ಕೂತಿರಲಿಲ್ಲ ಅನ್ನುವುದನ್ನು ಗಮನಿಸಿ. ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು, ಯಾವಾಗ ಒಂದು ಪ್ರಶ್ನೆ ಕೇಳಬೇಕು, ಯಾವ ದಿನ ಯಾವ ವಸ್ತುವನ್ನು ಕೈಗೆ ಸಿಗುವಂತೆ ಇಡಬೇಕು ಅಂತ ಪ್ರತಿದಿನ ಯೋಚಿಸಿದರು. ಮಕ್ಕಳ ಮಾತನ್ನು ಬರೆದುಕೊಂಡರು, ಫೋಟೊ ತೆಗೆದರು. ಸಂಜೆ ಇಬ್ಬರು ಟೀಚರ್ ಕೂತು ಅದನ್ನು ಮತ್ತೆ ಓದಿ ನಾಳೆ ಏನು ಅಂತ ತೀರ್ಮಾನಿಸಿದರು. ಮಗು ಎಸೆದ ಚೆಂಡನ್ನು ಹಿಡಿದು, ಆಟ ಮುಂದುವರಿಯುವ ಹಾಗೆ ವಾಪಸ್ ಎಸೆಯುವುದು ಅಂತ ಅವರು ಹೇಳುತ್ತಾರೆ. ಇದರಲ್ಲಿ ಟೀಚರ್ ಕೆಲಸ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮಕ್ಕಳನ್ನು ಅವರ ಪಾಡಿಗೆ ಬಿಟ್ಟು ಮೂಲೆಯಲ್ಲಿ ಮೊಬೈಲ್ ನೋಡುವುದನ್ನು ಯಾರಾದರೂ ಚೈಲ್ಡ್-ಲೆಡ್ ಅಂತ ಕರೆದರೆ ದಯವಿಟ್ಟು ಒಪ್ಪಬೇಡಿ.

ಹಾಗಾಗಿ ನನ್ನ ಮೊದಲ ಸಲಹೆ ಇದು. ನಿಮ್ಮ ಪ್ರವಾಸ ವಿಮಾನ ಹತ್ತುವ ದಿನ ಶುರುವಾಗಬಾರದು. ಎರಡು ತಿಂಗಳು ಮುಂಚೆ ನಿಮ್ಮದೇ ತರಗತಿಯಲ್ಲಿ ಶುರುವಾಗಬೇಕು. ದಿನಕ್ಕೆ ಹದಿನೈದು ನಿಮಿಷ, ನಾಲ್ಕೈದು ಮಕ್ಕಳ ಪಕ್ಕ ನೋಟ್‌ಬುಕ್ ಹಿಡಿದು ಕೂರಿ. ಅವರು ಆಡಿದ ಮಾತನ್ನು ತಿದ್ದದೆ, ಹಾಗೇ ಬರೆಯಿರಿ.

ನಾನು ಮೈಸೂರಿನ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್‌ಗಳ ಜೊತೆ ಹೀಗೆ ಮಾಡುತ್ತಿದ್ದಾಗ ನಲ್ಲಿಯಲ್ಲಿ ನೀರು ನಿಂತುಹೋಯಿತು. ಕೈ ತೊಳೆಯಲು ಬಂದ ನಾಲ್ಕು ಮಕ್ಕಳು ಅಲ್ಲೇ ಮಾತಿಗಿಳಿದರು. ನೀರು ಎಲ್ಲಿಂದ ಬರುತ್ತೆ? "ಟ್ಯಾಂಕ್ ಒಳಗೆ ಮಳೆ ಬರತ್ತೆ" ಅಂದಳು ಒಬ್ಬಳು. "ಇಲ್ಲ, ರಾತ್ರಿ ಮೋಟರ್ ಅಳತ್ತಲ್ಲ, ಆಗ ಬರತ್ತೆ" ಅಂದ ಇನ್ನೊಬ್ಬ. ಮೂರನೆಯವಳು ಗೋಡೆಗೆ ಕಿವಿ ಇಟ್ಟು, "ಗೋಡೆ ಒಳಗೆ ಹಾವಿನ ಥರ ಹೋಗ್ತಿದೆ" ಅಂದಳು. ಟೀಚರ್ ಇದನ್ನು ಬರೆದುಕೊಂಡರು. ಮರುದಿನ ಆ ಮಾತುಗಳನ್ನು ಮಕ್ಕಳಿಗೇ ಓದಿ ಹೇಳಿ, ಗೋಡೆಯ ಒಳಗೆ ಏನಿದೆ ಅಂತ ಚಿತ್ರ ಬರೆಯಲು ಹೇಳಿದರು. ಆಮೇಲೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಪೈಪು ಎಲ್ಲೆಲ್ಲಿ ಹೋಗುತ್ತದೆ ಅಂತ ಹುಡುಕಿದರು. ಮೂರು ವಾರ ಈ ಕೆಲಸ ನಡೆಯಿತು. ಮಣ್ಣಿನಲ್ಲಿ ಕಾಲುವೆ ಮಾಡಿದರು, ಪಪ್ಪಾಯಿ ಎಲೆಯ ದಂಟನ್ನು ಪೈಪ್ ಮಾಡಿಕೊಂಡರು. ನೀರು ಮೇಲಕ್ಕೆ ಹರಿಯಲ್ಲ ಅಂತ ತಾವೇ ಕಂಡುಕೊಂಡು ಮೋಟರ್ ಯಾಕೆ ಬೇಕು ಅಂತ ವಾದ ಮಾಡಿದರು. ಇಷ್ಟಕ್ಕೂ ಕಾರಣ ಒಬ್ಬ ಟೀಚರ್ "ಗಲಾಟೆ ಸಾಕು, ಲೈನಲ್ಲಿ ಬನ್ನಿ" ಅನ್ನುವ ಬದಲು ಪೆನ್ಸಿಲ್ ಹಿಡಿದದ್ದು.

ನಿಮ್ಮ ಬರಹದ ಅಂಥ ಹತ್ತು ಪುಟಗಳನ್ನು ಜೊತೆಗೆ ಒಯ್ಯಿರಿ. ಅವು ಇದ್ದರೆ ಅಲ್ಲಿ ನಿಮಗೆ ಏಳುವ ಪ್ರಶ್ನೆಗಳೇ ಬೇರೆ.

ಇನ್ನು ಅಲ್ಲಿ ಏನು ನೋಡಬೇಕು ಅಂತ. ಹೊರಗಿನಿಂದ ಬರುವವರ ಅಧ್ಯಯನ ವಾರ ನಡೆಯುವುದು ಲೋರಿಸ್ ಮಲಗುತ್ಸಿ ಅಂತರರಾಷ್ಟ್ರೀಯ ಕೇಂದ್ರದಲ್ಲಿ. ಅದು ಹಿಂದೆ ಚೀಸ್ ಇಡುತ್ತಿದ್ದ ದೊಡ್ಡ ಗೋದಾಮು. ಉಪನ್ಯಾಸಗಳು ಅಲ್ಲಿ ನಡೆಯುತ್ತವೆ. ನಡುವೆ ಗುಂಪು ಮಾಡಿ ಶಾಲೆಗಳಿಗೆ ಕರೆದೊಯ್ಯುತ್ತಾರೆ. ನಾನು ಹೋದಾಗ ಹೆಚ್ಚಿನ ಭೇಟಿಗಳು ಮಕ್ಕಳು ಮನೆಗೆ ಹೋದ ಮೇಲಿದ್ದವು. ಮೊದಲು ಬೇಜಾರಾಯಿತು, ಇಷ್ಟು ದೂರ ಬಂದು ಮಕ್ಕಳನ್ನೇ ನೋಡದಿದ್ದರೆ ಹೇಗೆ ಅಂತ. ಆಮೇಲೆ ಅದು ಸರಿ ಅನ್ನಿಸಿತು. ಮಕ್ಕಳು ಪ್ರದರ್ಶನಕ್ಕಿಟ್ಟ ವಸ್ತುಗಳಲ್ಲ. ಶಾಲೆಯ ಒಳಗೆ ಫೋಟೊ ತೆಗೆಯಲೂ ಬಿಡುವುದಿಲ್ಲ. ಆದ್ದರಿಂದ ಗೆರೆ ಇಲ್ಲದ ಒಂದು ನೋಟ್‌ಬುಕ್, ಎರಡು ಪೆನ್ಸಿಲ್ ಇಟ್ಟುಕೊಳ್ಳಿ. ನೋಡಿದ್ದನ್ನು ಚಿತ್ರ ಬರೆದುಕೊಳ್ಳಿ. ಫೋಟೊ ತೆಗೆದಿದ್ದರೆ ನೋಡದೇ ಬಿಡುತ್ತಿದ್ದ ಎಷ್ಟೋ ವಿಷಯ ಚಿತ್ರ ಬರೆಯುವಾಗ ಕಣ್ಣಿಗೆ ಬೀಳುತ್ತವೆ.

ಅಡುಗೆಮನೆ ಎಲ್ಲಿದೆ ನೋಡಿ. ಹಿಂದೆ ಎಲ್ಲೋ ಮೂಲೆಯಲ್ಲಿ ಇರುವುದಿಲ್ಲ. ಮಕ್ಕಳ ಕಣ್ಣಿಗೆ ಬೀಳುವ ಹಾಗೆ, ಒಳಗೆ ಹೋಗಿ ಬರುವ ಹಾಗೆ ಇರುತ್ತದೆ. ಅಡುಗೆಯವರನ್ನೂ ಮಕ್ಕಳ ಜೊತೆ ಕೆಲಸ ಮಾಡುವವರು ಅಂತಲೇ ಲೆಕ್ಕ ಇಡುತ್ತಾರೆ. ನಿಮ್ಮ ಆಯಾ ಅವರ ನೆನಪು ಅಲ್ಲಿ ನಿಮಗೆ ಖಂಡಿತ ಬರುತ್ತದೆ. ಅವರು ಮಕ್ಕಳ ಎಷ್ಟೊಂದು ಮಾತು ಕೇಳಿಸಿಕೊಂಡಿರುತ್ತಾರೆ, ನಾವು ಯಾವತ್ತಾದರೂ ಅವರನ್ನು ಕೇಳಿದ್ದೇವಾ? ನಡುವಿನ ದೊಡ್ಡ ಹಜಾರವನ್ನು ಊರಿನ ಚೌಕದ ಹೆಸರಿನಲ್ಲೇ ಪಿಯಾತ್ಸ ಅನ್ನುತ್ತಾರೆ. ನಮ್ಮ ತೊಟ್ಟಿಮನೆಯ ಅಂಗಳ ನೆನಪಿಸಿಕೊಳ್ಳಿ, ಎಲ್ಲ ಕೋಣೆಯ ಬಾಗಿಲೂ ಅಲ್ಲಿಗೇ ತೆರೆಯುತ್ತದೆ. ಅಟೆಲಿಯೆ ಅಂದರೆ ಮಣ್ಣು, ತಂತಿ, ಬಣ್ಣ, ಬೆಳಕು ಎಲ್ಲ ಇರುವ ಕೆಲಸದ ಕೋಣೆ. ಅದಕ್ಕೆ ಕಲೆ ಕಲಿತ ಒಬ್ಬರು ಇರುತ್ತಾರೆ, ಅವರು ಅಟೆಲಿಯರಿಸ್ತಾ. ಮಗುವಿಗೆ ನೂರು ಭಾಷೆಗಳಿವೆ ಅಂತ ಮಲಗುತ್ಸಿ ಹೇಳುತ್ತಿದ್ದುದು ಇದನ್ನೇ. ಮಾತು ಒಂದೇ ಅಲ್ಲ, ಮಣ್ಣಿನಲ್ಲಿ, ಗೆರೆಯಲ್ಲಿ, ನೆರಳಿನಲ್ಲೂ ಮಗು ಯೋಚಿಸುತ್ತದೆ.

ಆದರೆ ಗೋಡೆಗಳ ಮುಂದೆ ಜಾಸ್ತಿ ಹೊತ್ತು ನಿಲ್ಲಿ. ಅಲ್ಲಿ ಚಾರ್ಟ್ ಇರುವುದಿಲ್ಲ. ಮಕ್ಕಳ ಮಾತು, ಫೋಟೊ, ಚಿತ್ರ, ಪಕ್ಕದಲ್ಲಿ ಟೀಚರ್ ಬರೆದ ಯೋಚನೆ ಇರುತ್ತದೆ. ಒಂದು ಫಲಕವನ್ನು ಹಿಡಿದು ಪೂರ್ತಿ ಅರ್ಥ ಮಾಡಿಕೊಳ್ಳಿ. ಎಷ್ಟು ದಿನದ ಕೆಲಸ ಇದು, ಟೀಚರ್ ಎಲ್ಲಿ ಮಧ್ಯೆ ಬಂದರು, ಎಲ್ಲಿ ಬರಲಿಲ್ಲ ಅಂತ ಕೇಳಿ. ಅನುವಾದಕರು ಇರುತ್ತಾರೆ, ಸಂಕೋಚ ಬೇಡ. ಇನ್ನೊಂದು ಪ್ರಶ್ನೆ ಕೇಳಲು ಮರೆಯಬೇಡಿ: ಇದನ್ನೆಲ್ಲ ಬರೆಯಲು, ಓದಲು, ಮಾತಾಡಲು ನಿಮಗೆ ಸಮಯ ಯಾವಾಗ ಸಿಗುತ್ತದೆ? ಅಲ್ಲಿ ಸುಮಾರು 25 ಮಕ್ಕಳಿಗೆ ಇಬ್ಬರು ಟೀಚರ್, ಇಬ್ಬರದೂ ಸಮಾನ ಜವಾಬ್ದಾರಿ. ಮೂರು ವರ್ಷ ಅದೇ ಟೀಚರ್, ಅದೇ ಮಕ್ಕಳು. ಹೆಡ್ ಮಾಸ್ಟರ್ ಇಲ್ಲ. ಕೆಲವು ಶಾಲೆಗಳಿಗೆ ಒಬ್ಬರಂತೆ ಪೆಡಗೊಜಿಸ್ತಾ ಇರುತ್ತಾರೆ, ಅವರು ಟೀಚರ್‌ಗಳ ಜೊತೆ ಕೂತು ಯೋಚಿಸುವವರು. ವಾರದಲ್ಲಿ ಮಕ್ಕಳಿಲ್ಲದ ಕೆಲವು ಗಂಟೆಗಳನ್ನು ಸಂಬಳದ ಸಮಯದಲ್ಲೇ ಕೊಡುತ್ತಾರೆ. ನಿಮ್ಮ ಆಡಳಿತ ಮಂಡಳಿಗೆ ತಂದು ಒಪ್ಪಿಸಬೇಕಾದ ಮೊದಲ ಸುದ್ದಿ ಇದೇ.

ರೆಮಿದಾಗೆ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ. ಊರಿನ ಕಾರ್ಖಾನೆಗಳಲ್ಲಿ ಉಳಿದ ಬಟ್ಟೆ, ರಟ್ಟು, ಪ್ಲಾಸ್ಟಿಕ್, ಲೋಹದ ತುಂಡುಗಳನ್ನು ಚೊಕ್ಕವಾಗಿ ಜೋಡಿಸಿಟ್ಟು ಶಾಲೆಗಳಿಗೆ ಕೊಡುವ ಕೇಂದ್ರ ಅದು. 1996ರಿಂದ ನಡೆಯುತ್ತಿದೆ.

ಪ್ರಯಾಣದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಜುಲೈ, ಆಗಸ್ಟ್ ಅಲ್ಲಿ ಶಾಲೆಗೆ ರಜೆ, ಆಗ ಬೇಡ. ಇಟಲಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಮಿಲಾನ್ ಅಥವಾ ಬೊಲೊನ್ಯಾಗೆ ಇಳಿದು ರೈಲು ಹಿಡಿಯಿರಿ. ಅತಿವೇಗದ ರೈಲು ನಿಲ್ಲುವ ಸ್ಟೇಷನ್ ಊರ ಹೊರಗಿದೆ. ಮಲಗುತ್ಸಿ ಕೇಂದ್ರ ಇರುವುದು ಹಳೆಯ ಮುಖ್ಯ ಸ್ಟೇಷನ್ ಹತ್ತಿರ. ಟಿಕೆಟ್ ಮಾಡುವಾಗ ಇದನ್ನು ನೋಡಿಕೊಳ್ಳಿ. ನೀವು ಸಸ್ಯಾಹಾರಿಯಾದರೆ ಸ್ವಲ್ಪ ಎಚ್ಚರ ಬೇಕು. ಎರ್ಬತ್ಸೋನೆ ಅಂತ ಸೊಪ್ಪಿನ ಕಡುಬಿನಂಥ ತಿಂಡಿ ಸಿಗುತ್ತದೆ, ನೋಡಲು ಪೂರ್ತಿ ಸೊಪ್ಪು, ಆದರೆ ಹಳೆಯ ಪದ್ಧತಿಯಲ್ಲಿ ಹಂದಿ ಕೊಬ್ಬು ಹಾಕುತ್ತಾರೆ. ಅಲ್ಲಿನ ಹೆಸರುವಾಸಿ ಪಾರ್ಮಿಜಾನೋ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ಕೇಳಿ ತಿನ್ನಿ. ಚಟ್ನಿಪುಡಿ ಒಯ್ಯಿರಿ.

ಬಂದ ಮೇಲಿನ ಕೆಲಸವೇ ಕಷ್ಟದ್ದು. ಇಲ್ಲಿ ನನ್ನ ತಪ್ಪನ್ನು ನಿಮಗೆ ಹೇಳಲೇಬೇಕು. ಮೊದಲ ಸಲ ಹೋಗಿ ಬಂದಾಗ ನನ್ನ ಕಣ್ಣಿಗೆ ಕಟ್ಟಿದ್ದು ವಸ್ತುಗಳು. ಒಳಗೆ ದೀಪ ಇರುವ ಬೆಳಕಿನ ಮೇಜು, ದೊಡ್ಡ ಕನ್ನಡಿಗಳು, ಗಾಜಿನ ಬಾಟಲಿಯಲ್ಲಿ ಜೋಡಿಸಿದ ಗುಂಡಿಗಳು. ಆಗ ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಹಟ ಹಿಡಿದು ಎಲ್ಲವನ್ನೂ ಕೊಡಿಸಿಕೊಂಡೆ. ಒಂದು ವರ್ಷದಲ್ಲಿ ಬೆಳಕಿನ ಮೇಜಿನ ಮೇಲೆ ವರ್ಕ್‌ಶೀಟ್ ಕಟ್ಟು ಬಂದು ಕೂತಿತು. ಯಾಕೆಂದರೆ ಟೀಚರ್‌ಗಳು ದಿನಕ್ಕೆ ಐದು ನಿಮಿಷವೂ ಒಟ್ಟಿಗೆ ಕೂತು ಮಾತಾಡುವ ವ್ಯವಸ್ಥೆಯನ್ನು ನಾನು ಮಾಡಿರಲಿಲ್ಲ. ಇವತ್ತಿಗೂ ಅದು ನೆನಪಾದರೆ ನೋವಾಗುತ್ತದೆ. ಆ ದುಡ್ಡಿನಲ್ಲಿ ಇನ್ನೊಬ್ಬ ಸಹಾಯಕಿಯನ್ನು ಇಟ್ಟುಕೊಳ್ಳಬಹುದಿತ್ತು.

ನಿಮ್ಮ 32 ಮಕ್ಕಳ ತರಗತಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋಗಬೇಡಿ. ವಾರಕ್ಕೆ ಮೂರು ದಿನ, ಒಂದೊಂದು ಗಂಟೆ. ಆರು ಮಕ್ಕಳ ಒಂದು ಗುಂಪು ನಿಮ್ಮ ಜೊತೆ. ಉಳಿದವರು ಮಣ್ಣು, ಮರದ ತುಂಡು, ನೀರು, ಕಥೆ ಪುಸ್ತಕಗಳ ಜೊತೆ ಆಯಾ ಅವರ ಕಣ್ಣಳತೆಯಲ್ಲಿ. ಗುಂಪು ಸರದಿಯಲ್ಲಿ ಬದಲಾಗಲಿ. ಪಕ್ಕದ ತರಗತಿಯ ಟೀಚರ್ ಜೊತೆ ವಾರಕ್ಕೆ ಒಂದು ಗಂಟೆ ಕೂತು ಬರೆದದ್ದನ್ನು ಓದಿ. ಈ ಒಂದು ಗಂಟೆಯನ್ನು ಆಡಳಿತ ಮಂಡಳಿಯಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಹೋಗುವ ಮುಂಚೆಯೇ ಕೇಳಿ. ಈಗ ಅವರು ಕೊಡುವ ಮನಸ್ಸಿನಲ್ಲಿದ್ದಾರೆ.

ಸಾಮಾನಿಗೆ ನಿಮ್ಮ ಊರೇ ಇದೆ. ಟೈಲರ್ ಅಂಗಡಿಯ ಚೂರು ಬಟ್ಟೆ, ಬಡಗಿಯ ಅಂಗಡಿಯ ಮರದ ತುಂಡು, ಅಡಿಕೆ ಹಾಳೆ, ಮೆಕ್ಕೆಜೋಳದ ದಿಂಡು. ಗುಂಡಿ, ಮಣಿಯಂಥ ಚಿಕ್ಕ ವಸ್ತು ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಮಂಡಕ್ಕಿ ಭಟ್ಟಿ ಇರುವ ಊರು ನಿಮ್ಮದು! ಭತ್ತ ಮಂಡಕ್ಕಿ ಆಗುವುದು ಹೇಗೆ ಅಂತ ನಿಮ್ಮ ಮಕ್ಕಳು ಏನು ಅಂದುಕೊಂಡಿದ್ದಾರೆ, ಕೇಳಿದ್ದೀರಾ? ಮೊದಲು ಅವರ ಊಹೆ ಬರೆದುಕೊಳ್ಳಿ, ಚಿತ್ರ ಬರೆಸಿ. ಆಮೇಲೆ ಬೆಂಕಿಯಿಂದ ದೂರ ನಿಲ್ಲಿಸಿ ತೋರಿಸಿ. ಬಂದ ಮೇಲೆ ಮತ್ತೆ ಚಿತ್ರ ಬರೆಸಿ. ಎರಡು ಚಿತ್ರಗಳ ನಡುವಿನ ವ್ಯತ್ಯಾಸದಲ್ಲಿ ಮಗು ಕಲಿತದ್ದು ಕಾಣುತ್ತದೆ.

ಪೋಷಕರಿಗೆ ತೋರಿಸಬೇಕಾದದ್ದೂ ಅದನ್ನೇ. ಅವರ ಭಯ ಸುಳ್ಳಲ್ಲ. ಒಂದನೇ ತರಗತಿಗೆ ಹೋದಾಗ ಮಗು ಹಿಂದೆ ಬಿದ್ದರೆ ಅಂತ ಹೆದರುತ್ತಾರೆ. ಎಷ್ಟೋ ಮನೆಗಳಲ್ಲಿ ಸಾಲ ಮಾಡಿ ಫೀಸು ಕಟ್ಟಿರುತ್ತಾರೆ. ಅವರ ಜೊತೆ ವಾದ ಬೇಡ, ಭಾಷಣವೂ ಬೇಡ. ಅವರ ಮಗುವಿನ ಎರಡು ಚಿತ್ರ, ಪಕ್ಕದಲ್ಲಿ ಮಗು ಆಡಿದ ಮಾತು, ಕೆಳಗೆ ನಿಮ್ಮ ಎರಡು ಸಾಲು. ಸಂಜೆ ಕರೆದುಕೊಂಡು ಹೋಗಲು ಬರುವ ಬಾಗಿಲ ಹತ್ತಿರ ಅಂಟಿಸಿ. ಅಜ್ಜ ಅಜ್ಜಿ ನಿಂತು ಓದುತ್ತಾರೆ. ತಮ್ಮ ಮೊಮ್ಮಗಳು ಇಷ್ಟು ಯೋಚಿಸುತ್ತಾಳೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಅಕ್ಷರವೂ ಬರುತ್ತದೆ. ತನ್ನ ಚಿತ್ರಕ್ಕೆ ತನ್ನ ಹೆಸರು ಬರೆಯಬೇಕು ಅನ್ನಿಸಿದ ಮಗು ಅಕ್ಷರವನ್ನು ತಾನೇ ಕೇಳಿ ಬರುತ್ತದೆ. ಕಾಗದದ ಬಲ ಬೇಕಿದ್ದರೆ ನಮ್ಮದೇ ಸರ್ಕಾರದ ದಾಖಲೆ ಇದೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟದ ಮೂಲಕ ಕಲಿಕೆ ಅಂತಲೇ ಹೇಳುತ್ತದೆ.

ಕೊನೆಯದಾಗಿ ಒಂದು ಊರಿನ ಹೆಸರು. 1945ರಲ್ಲೇ, ವಿಲ್ಲಾ ಚೆಲ್ಲಾದ ಜನ ಟ್ಯಾಂಕ್ ಮಾರುತ್ತಿದ್ದ ಅದೇ ವರ್ಷ, ಮಹಾರಾಷ್ಟ್ರದ ಬೋರ್ಡಿ ಹಳ್ಳಿಯಲ್ಲಿ ತಾರಾಬಾಯಿ ಮೋಡಕ್ ಬಡ ಮಕ್ಕಳಿಗಾಗಿ ಶಿಶುಶಾಲೆ ಶುರು ಮಾಡಿದರು. ಶಿಕ್ಷಕಿ ಅನುತಾಯಿ ವಾಘ್ ಬಂದು ತಾರಾಬಾಯಿಯವರ ಜೊತೆ ಸೇರಿದರು. ಶಾಲೆಗೆ ಬಾರದ ಮಕ್ಕಳಿದ್ದ ಕೇರಿಗೆ ತಾವೇ ಹೋಗಿ ಅಲ್ಲಿನ ಅಂಗಳದಲ್ಲಿ ಕೂತು ಕಲಿಸಿದರು. ಅಂಗನವಾಡಿ ಅನ್ನುವ ಮಾತಿನ ಹಿಂದೆ ಇರುವುದು ಆ ಅಂಗಳ. ದುಬಾರಿ ಆಟಿಕೆಗಳ ಬದಲು ಎಲೆ, ಕಲ್ಲು, ಬೀಜ ಬಳಸಿದರು. 1957ರಲ್ಲಿ ಆ ಕೆಲಸ ಹತ್ತಿರದ ಕೋಸಬಾಡ ಗುಡ್ಡಕ್ಕೆ ಹೋಯಿತು. ಆಡಳಿತ ಮಂಡಳಿ ಒಪ್ಪಿದರೆ ನಿಮ್ಮ ಜೊತೆಯ ಇನ್ನೊಬ್ಬ ಟೀಚರ್ ಕೋಸಬಾಡಕ್ಕೆ ಹೋಗಿ ಬರಲಿ. ರೈಲಿನಲ್ಲಿ ಹೋಗಿ ಬರಬಹುದು. ನೀವು ಇಟಲಿಯಿಂದ, ಅವರು ಅಲ್ಲಿಂದ ಬಂದು ಎರಡು ನೋಟ್‌ಬುಕ್ ಪಕ್ಕಪಕ್ಕ ಇಟ್ಟು ಕೂತರೆ ನಿಮ್ಮ ಶಾಲೆಗೆ ಏನು ಬೇಕು ಅಂತ ನನಗಿಂತ ಚೆನ್ನಾಗಿ ನಿಮಗೇ ಗೊತ್ತಾಗುತ್ತದೆ.

ಅಷ್ಟರವರೆಗೆ ನಿಮ್ಮ ಮಕ್ಕಳ ಮಾತು ಬರೆಯಲು ಶುರು ಮಾಡಿ. ಮೊದಲ ಹತ್ತು ಪುಟ ಆದಾಗ ನನಗೆ ಕಳಿಸಿ, ಒಟ್ಟಿಗೆ ಓದೋಣ.